ಬೇಲಿಯಾಚೆಯ ತೋಟಾ

"ಗುರುಗಳೇ, ಕೋವಿ ಕೊಳ್ಳುವವನು ಮೊದಲು ಏನನ್ನು ನೋಡಬೇಕು?" ಎಂದು ಬೆಳ್ಯಪ್ಪ ಕೇಳಿದ.

ಆ ಮಠದಲ್ಲಿ ಅದುವರೆಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಗುರುಗಳು ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದರು. ತಲೆ ಎತ್ತದೆ, "ಆತ್ಮವಿಚಾರ ಮುಗಿಯಿತೇ? ಕೋವಿಗೆ ಬಂದೆಯಾ?" ಎಂದರು.

ಬೆಳ್ಯಪ್ಪನಿಗೆ ನಾಚಿಕೆಯಾಯಿತು. ಪ್ರಶ್ನೆ ತನ್ನದಲ್ಲ, ಅಣ್ಣನದು ಎಂದ. ಅಣ್ಣ ಕೆಳಗಿನ ಊರಿನಿಂದ ಬೆಟ್ಟ ಹತ್ತಿ ಬಂದು ಜಗಲಿಯಲ್ಲಿ ಕೂತಿದ್ದ. ಬೆಳ್ಯಪ್ಪ ಮನೆ ಬಿಟ್ಟು ಮಠ ಸೇರಿದ ಮೇಲೆ ಅವನು ಬಂದದ್ದು ಇದೇ ಮೊದಲು. ಸೇನೆಯವರು ಬಳಸಿ ಬಿಟ್ಟ ಎರಡು ರೈಫಲ್‌ಗಳು ಪೇಟೆಗೆ ಬಂದಿವೆಯಂತೆ. ಎರಡೂ ತಾವೇ ಮದ್ದುಗುಂಡಿನ ತೋಟಾ ತುಂಬಿಕೊಳ್ಳುವಂಥವು, ಎರಡೂ ಕೈಗೆಟಕುವ ಬೆಲೆಯವು. ಒಂದಕ್ಕೆ ಸಪೂರ ತೋಟಾ, ಇನ್ನೊಂದಕ್ಕೆ ದಪ್ಪ ತೋಟಾ. ಯಾವುದನ್ನು ತರಲಿ, ನೀನೇ ಹೇಳು ಎಂದು ಅಣ್ಣ ಪಟ್ಟು ಹಿಡಿದಿದ್ದ.

"ನನಗೇನು ಗೊತ್ತು ಗುರುಗಳೇ? ಚಿಕ್ಕಂದಿನಲ್ಲಿ ಈಡಿನ ಸದ್ದಿಗೆ ಗಡಗಡ ನಡುಗುತ್ತಿದ್ದೆ. ಅಪ್ಪ ಕೋವಿ ಹೊರಗೆ ತೆಗೆದರೆ ಅಣ್ಣನೇ ಓಡಿ ಬಂದು ನನ್ನ ಎರಡೂ ಕಿವಿ ಮುಚ್ಚುತ್ತಿದ್ದ. ಈಗ ನನ್ನ ಹತ್ತಿರವೇ ಕೋವಿಯ ಮಾತು. ತಾವು ಒಂದು ಉತ್ತರ ಕೊಟ್ಟರೆ ಹೇಳಿ ಕಳಿಸಿಬಿಡುತ್ತೇನೆ. ನನ್ನ ಜಪದ ಹೊತ್ತೂ ಮೀರುತ್ತಿದೆ."

"ಅಣ್ಣನಿಗೆ ಮಜ್ಜಿಗೆ ಕೊಟ್ಟೆಯಾ?"

ಬೆಳ್ಯಪ್ಪ ಕೊಟ್ಟಿರಲಿಲ್ಲ. ಹೋಗಿ ಕೊಟ್ಟು ಬಂದ. ಗುರುಗಳು ಸೊಪ್ಪಿನ ಅರ್ಧವನ್ನು ಅವನ ಮುಂದೆ ತಳ್ಳಿ, ಸೋಸು ಎಂದು ಹೇಳಿ, ಈ ಕತೆ ಶುರುಮಾಡಿದರು.

ಬೆಟ್ಟಗಳ ನಾಡೊಂದರಲ್ಲಿ ಮನೆಗೊಂದು ಕೋವಿ ಇರುತ್ತಿತ್ತು. ಹಿರಿಯರ ದೀಪದ ಪಕ್ಕದ ಗೂಟವೇ ಅದರ ಜಾಗ. ಹಂದಿ ಓಡಿಸುವುದಕ್ಕೆ ಬೇಕು ಅನ್ನುತ್ತಿದ್ದರು, ಆದರೆ ಅದರ ದೊಡ್ಡ ಕೆಲಸ ಬೇರೆಯಿತ್ತು. ಮನೆಗಳು ದೂರ ದೂರ. ಕೂಗಿದರೆ ಕೇಳಿಸದು. ಮನೆಯಲ್ಲಿ ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ಎರಡು. ಸದ್ದು ಬಂದ ದಿಕ್ಕು ನೋಡಿ ಯಾರ ಮನೆ ಎಂದು ಜನ ತಿಳಿಯುತ್ತಿದ್ದರು. ಒಂದು ಕೇಳಿದರೆ ಹಾಲು, ಜೇನು ಹಿಡಿದು ಹೊರಡುತ್ತಿದ್ದರು. ಎರಡು ಕೇಳಿದರೆ ಉಣ್ಣುತ್ತಿದ್ದ ಎಲೆ ಬಿಟ್ಟು ಏಳುತ್ತಿದ್ದರು. ಮಗುವಿನ ಮೊದಲ ಸ್ನಾನ ಮುಗಿಯುವುದರೊಳಗೆ ಈಡು ಕೇಳಿಸಬೇಕು. ಇಲ್ಲದಿದ್ದರೆ ಆ ಮಗು ಮನೆಗೆ ಮಾತ್ರ ಹುಟ್ಟಿತು, ಊರಿಗೆ ಹುಟ್ಟಲಿಲ್ಲ ಎಂದು ಅಲ್ಲಿನ ಅಜ್ಜಿಯರು ಹೇಳುತ್ತಿದ್ದರು. ಅಜ್ಜಿಯರ ಮಾತಿಗೆ ಎದುರು ಹೇಳುವ ಎದೆ ಆ ನಾಡಿನಲ್ಲಿ ಯಾರಿಗೂ ಇರಲಿಲ್ಲ.

ಕೋವಿ ಮಾತ್ರ ತನ್ನ ಮನೆಯ ಬೇಲಿ ದಾಟುತ್ತಿರಲಿಲ್ಲ. ಎಂಥ ನೆಂಟನಿಗೂ ಅದನ್ನು ಎರವಲು ಕೊಡುವ ಹಾಗಿಲ್ಲ. ತೋಟಾಕ್ಕೆ ಆ ಕಟ್ಟುಪಾಡು ಇರಲಿಲ್ಲ. ಊರಿನ ಕೋವಿಗಳೆಲ್ಲ ಒಂದೇ ಅಳತೆಯ ದಪ್ಪ ತೋಟಾದವು. ಹಾಗಾಗಿ ಮೊಸರಿಗೆ ಹೆಪ್ಪು ಕೇಳುವ ಹಾಗೆ ಜನ ತೋಟಾ ಕೇಳುತ್ತಿದ್ದರು.

ಅಲ್ಲಿ ಒಬ್ಬ ರೈತನಿದ್ದ. ಬೇಲಿಯಾಚೆಗೆ ಅವನ ಗೆಳೆಯನ ಮನೆ, ಕೂಗಿದರೆ ಕೇಳಿಸುವಷ್ಟು ಹತ್ತಿರ ಇದ್ದದ್ದು ಅದೊಂದೇ. ಇಬ್ಬರೂ ಒಟ್ಟಿಗೆ ದನ ಕಾಯ್ದು ಬೆಳೆದವರು. ಗೆಳೆಯನಿಗೆ ಮಕ್ಕಳಿರಲಿಲ್ಲ. ಅವನ ಹೆಂಡತಿ ಊರಿನ ಎಲ್ಲ ಬಾಣಂತಿಯರಿಗೂ ಮೊದಲ ದಿನದ ಗಂಜಿ ಕಾಯಿಸಿ ಒಯ್ಯುತ್ತಿದ್ದಳು. ಅವಳ ಮನೆಗೆ ಅಂಥ ಗಂಜಿ ಯಾರೂ ತಂದಿರಲಿಲ್ಲ. ಆ ಮಾತು ಅವಳು ಆಡುತ್ತಿರಲಿಲ್ಲ, ಊರೂ ಆಡುತ್ತಿರಲಿಲ್ಲ.

ಗೆಳೆಯ ವಾರಕ್ಕೊಮ್ಮೆಯಾದರೂ ಬೇಲಿಯ ಸಂದಿಯಲ್ಲಿ ನುಸುಳಿ ಬಂದು, "ಒಂದು ತೋಟಾ ಇದ್ರೆ ಕೊಡು ಮಾರಾಯ" ಅನ್ನುತ್ತಿದ್ದ. ತೋಟಾ ಕೈಗೆ ಬಂದ ಮೇಲೂ ಏಳುತ್ತಿರಲಿಲ್ಲ. ಕಾಫಿ ಕುಡಿದು, ಎಮ್ಮೆಯ ವಿಚಾರ ಮಾತಾಡಿ, ಊರವರನ್ನು ಒಂದಿಷ್ಟು ಆಡಿಕೊಂಡು, ಬಿಸಿಲು ಜಗಲಿಗೆ ಬಂದಾಗ ಎದ್ದು ಹೋಗುತ್ತಿದ್ದ. ಮುಂದಿನ ವಾರ ರೈತ ಅಲ್ಲಿಗೆ ಹೋಗಿ ಅದೇ ತೋಟಾ ಕೇಳಿ ತರುತ್ತಿದ್ದ. ಆ ತೋಟಾಗಳು ಹಾರಿದ್ದಕ್ಕಿಂತ ನಡೆದದ್ದೇ ಹೆಚ್ಚು.

ಹೀಗಿರುವಾಗ ರೈತನ ಅಪ್ಪನ ಕಾಲದ ಕೋವಿ ಹಿಡಿ ಸೀಳಿ ಕೆಟ್ಟಿತು. ಮಗಳು ಚೊಚ್ಚಲು ಬಸುರಿ, ತವರಿಗೆ ಬಂದಿದ್ದಳು. ಮೊಮ್ಮಗು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಕೋವಿ ಬೇಕೇ ಬೇಕು. ರೈತ ಪೇಟೆಗೆ ಇಳಿದು, ಸೇನೆಯ ಹಳೆಯ ಸಾಮಾನು ಮಾರುವ ವ್ಯಾಪಾರಿಯ ಅಂಗಡಿಗೆ ಹೋದ.

ವ್ಯಾಪಾರಿ ಎರಡು ರೈಫಲ್ ತಂದು ಮುಂದಿಟ್ಟ. ಒಂದು ದಪ್ಪ ತೋಟಾದ್ದು. ಭಾರ ಹೆಚ್ಚು, ಹಾರಿಸಿದರೆ ಭುಜಕ್ಕೆ ಗುದ್ದುತ್ತದೆ, ಬೆಲೆಯೂ ಸ್ವಲ್ಪ ಹೆಚ್ಚು. ಇನ್ನೊಂದು ಸಪೂರ ತೋಟಾದ್ದು. ಹಗುರ, ಹೊಳಪು, ಅಗ್ಗ. ಮೇಲೆ ಒಂದು ಪೆಟ್ಟಿಗೆ ತೋಟಾ ಪುಕ್ಕಟೆ. ಪುಕ್ಕಟೆ ಎಂಬ ಮಾತು ಕೇಳಿದ ಮೇಲೆ ರೈತನಿಗೆ ಮೊದಲನೆಯದು ಕಣ್ಣಿಗೇ ಬೀಳಲಿಲ್ಲ. ಆದರೂ ತಿಳಿದವನಂತೆ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಹಿಡಿಯ ಮರವನ್ನು ಉಗುರಿನಿಂದ ಕೆರೆದು ನೋಡಿದ. ಮೂಸಿಯೂ ನೋಡಿದ. ಯಾಕೆ ಮೂಸಿದ ಎಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

"ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು. ಮುಂದಿನ ತೋಟಾ ತಾನೇ ಬಂದು ಕೂರುತ್ತೆ. ಇದಕ್ಕೆ ಯಾರ ಕೈಯೂ ಬೇಡ ಯಜಮಾನ್ರೇ" ಎಂದ ವ್ಯಾಪಾರಿ.

ಯಾರ ಕೈಯೂ ಬೇಡ ಎಂಬ ಮಾತು ರೈತನಿಗೆ ಬಹಳ ಹಿಡಿಸಿತು. ಎಲ್ಲವನ್ನೂ ಕೇಳಿದ ರೈತ, ಈ ಸಪೂರ ತೋಟಾ ತನ್ನೂರಿನಲ್ಲಿ ಇನ್ನು ಯಾರ ಮನೆಯಲ್ಲಿದೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಆ ವಾರ ಗೆಳೆಯ ಬಂದ. ವಾಡಿಕೆಯಂತೆ ತೋಟಾ ಕೇಳಿದ. ರೈತ ಪೆಟ್ಟಿಗೆಯನ್ನೇ ತೆರೆದು ಮುಂದೆ ಹಿಡಿದ. ಗೆಳೆಯ ಒಂದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿ ನೋಡಿ, ಮೆಲ್ಲಗೆ ಹಿಂದಕ್ಕಿಟ್ಟ.

"ನಮ್ಮದಕ್ಕೆ ಇದು ಆಗಲ್ಲ ಬಿಡು" ಎಂದ.

ಕಾಫಿ ಕುಡಿದ, ಹೋದ. ಮುಂದಿನ ವಾರ ಬರಲಿಲ್ಲ. ಬರುವುದಕ್ಕೆ ಅವನಿಗೆ ನೆಪ ಉಳಿದಿರಲಿಲ್ಲ. ರೈತನಿಗೂ ಪೆಟ್ಟಿಗೆ ತುಂಬ ತೋಟಾ ಇತ್ತು, ಅವನೂ ಹೋಗಲಿಲ್ಲ. ನನ್ನ ಹೊಸ ರೈಫಲ್ ನೋಡಿ ಅವನಿಗೆ ಹೊಟ್ಟೆಯುರಿ ಎಂದುಕೊಂಡ. ಕಾಫಿ ಕುಡಿಯುವಾಗ ಮಾತ್ರ ಕಣ್ಣು ಬೇಲಿಯ ಕಡೆ ಹೋಗುತ್ತಿತ್ತು. ಹೆಂಡತಿ ಅದನ್ನು ಕಂಡರೂ ಕಾಣದ ಹಾಗಿದ್ದಳು. ಬೇಲಿಯ ಸಂದಿಯಲ್ಲಿ ಲಂಟಾನದ ಮುಳ್ಳುಪೊದೆ ಬೆಳೆದು ದಾರಿ ಮುಚ್ಚಿತು.

ಹಂದಿ ಬಂದಾಗ ರೈತ ತೋಟಾ ಹಾರಿಸಿದ. ಮಂಗ ಬಂದಾಗ ಹಾರಿಸಿದ. ಏನೂ ಬಾರದಿದ್ದಾಗಲೂ, ತಾನೇ ತುಂಬಿಕೊಳ್ಳುವ ಚಂದ ನೋಡುವುದಕ್ಕೆಂದು ಹಾರಿಸಿದ. ಪೆಟ್ಟಿಗೆ ಖಾಲಿಯಾಯಿತು. ಪೇಟೆಗೆ ಹೋದರೆ ವ್ಯಾಪಾರಿ ಕೈ ಚೆಲ್ಲಿದ. ಆ ಅಳತೆಯ ತೋಟಾ ಈ ಕಡೆ ಯಾರೂ ಕೇಳುವುದಿಲ್ಲ, ತರಿಸುವುದನ್ನೇ ಬಿಟ್ಟಿದ್ದೇನೆ ಎಂದ.

ಒಂದು ದಿನ ಬೆಳಿಗ್ಗೆ ಮಗಳಿಗೆ ನೋವು ಬಂತು. ಬಿಸಿಲೇರುವ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಹೆಣ್ಣು ಮಗು. ರೈತನ ಕಣ್ಣು ತುಂಬಿತು. ಹೆಂಡತಿ ಸ್ನಾನಕ್ಕೆ ನೀರು ತೋಡುತ್ತ, "ಈಡು ಹಾರಿಸಿ, ಇನ್ನೂ ಯಾಕೆ ನಿಂತಿದ್ದೀರಿ?" ಎಂದಳು.

ರೈತ ಗೂಟದಿಂದ ರೈಫಲ್ ಇಳಿಸಿದ. ಅದು ಖಾಲಿ ಎಂದು ಗೊತ್ತಿತ್ತು. ಆದರೂ ಅಂಗಳಕ್ಕೆ ಹೋಗಿ ಟ್ರಿಗರ್ ಎಳೆದ. ಟಿಕ್ ಎಂದಿತು. ತನ್ನ ಮೊಮ್ಮಗಳು ಈ ಒಂದು ಟಿಕ್ಕಿಗೆ ಹುಟ್ಟಿದಳೇ ಎಂದು ಅವನಿಗೆ ದುಃಖ ಒತ್ತಿಕೊಂಡು ಬಂತು. ಒಳಗೆ ತಂಬಿಗೆಯಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವನು ಬೇಲಿಗೆ ಓಡಿ, ಮರ್ಯಾದೆ ಬಿಟ್ಟು ಗೆಳೆಯನ ಹೆಸರು ಹಿಡಿದು ಕೂಗಿದ.

ಗೆಳೆಯ ಓಡಿ ಬಂದ. ಲಂಟಾನದ ಆಚೆ ನಿಂತು ಕೈ ಚಾಚಿದ. ಕೈಯಲ್ಲಿ ಒಂದು ತೋಟಾ ಇತ್ತು. ಕೂಗಿದ ದನಿಯಲ್ಲೇ ಅವನಿಗೆ ಎಲ್ಲ ತಿಳಿದಿತ್ತು, ಅಳತೆಯೊಂದು ಮರೆತುಹೋಗಿತ್ತು. ಇಬ್ಬರೂ ಆ ದಪ್ಪ ತೋಟಾವನ್ನು ನೋಡಿದರು. ಆ ಮೇಲೆ ಮುಖ ಮುಖ ನೋಡಿಕೊಂಡರು. ಗೆಳೆಯ ತಿರುಗಿ ಓಡಿದ. ಸ್ವಲ್ಪ ಹೊತ್ತಿಗೆ ಅವನ ಅಂಗಳದಿಂದ ಒಂದು ಈಡು ಕೇಳಿಸಿತು. ಒಂದೇ ಒಂದು.

ಊರು ಕಿವಿಗೊಟ್ಟಿತು. ಸದ್ದು ಬಂದದ್ದು ಮಕ್ಕಳಿಲ್ಲದ ಮನೆಯ ಕಡೆಯಿಂದ. ಇನ್ನೊಂದು ಈಡು ಬರಬಹುದು ಎಂದು ಜನ ಉಸಿರು ಬಿಗಿಹಿಡಿದು ಕಾದರು. ಬರಲಿಲ್ಲ. ಆಗ ಇದ್ದಬದ್ದವರೆಲ್ಲ ಹೊರಟರು. ಹೇಗೆ ಸಾಧ್ಯ ಎಂದು ಯಾರೂ ಕೇಳಲಿಲ್ಲ. ಒಂದು ಈಡು ಕೇಳಿದರೆ ಹೋಗಬೇಕು, ಅವರಿಗೆ ಗೊತ್ತಿದ್ದದ್ದು ಅಷ್ಟೇ. ಕೋಲೂರಿಕೊಂಡು ನಡೆಯುವ ಅಜ್ಜಿಯೂ ಜೇನಿನ ಕುಡಿಕೆ ಹಿಡಿದು ಬಂದಳು. ಯಾರೋ ಗಂಜಿಯನ್ನೂ ಕಾಯಿಸಿ ತಂದಿದ್ದರು.

ಗೆಳೆಯನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅಂಗಳ ತುಂಬ ಜನ, ಎಲ್ಲರ ಮುಖದಲ್ಲೂ ನಗು. ಬಿಸಿ ಗಂಜಿಯ ಪಾತ್ರೆ ಅವಳ ಕೈಗೆ ಬಂತು. ಮಗು ಇಲ್ಲಿಲ್ಲ, ಬೇಲಿಯಾಚೆ ಎಂದು ಹೇಳಬೇಕು. ಅವಳು ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಬೇಲಿಯ ಕಡೆ ನೋಡಿದಳು.

ರೈತ ತನ್ನ ಅಂಗಳದಿಂದ ಇದನ್ನು ಕಂಡ. ಒಳಗೆ ಹೋದ. ಮಗಳನ್ನು ಒಂದು ಮಾತು ಕೇಳಿದ, ಅವಳು ಆಗಲಿ ಎಂದು ತಲೆಯಾಡಿಸಿದಳು. ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿದ ಮಗುವನ್ನು ಎದೆಗೊತ್ತಿಕೊಂಡು, ಅದಕ್ಕೆ ತಾಗದ ಹಾಗೆ ತನ್ನ ಬೆನ್ನಿನಿಂದಲೇ ಲಂಟಾನದ ಪೊದೆಯನ್ನು ತಳ್ಳುತ್ತ ಆಚೆ ದಾಟಿದ. ಅಂಗಿ ಹರಿಯಿತು. ಜನರ ನಡುವೆ ಹಾದುಹೋಗಿ, ಗಂಜಿಯ ಪಾತ್ರೆ ಕೆಳಗಿಡಿಸಿ, ಮಗುವನ್ನು ಗೆಳೆಯನ ಹೆಂಡತಿಯ ತೋಳಿಗಿಟ್ಟ.

"ಈಡು ಕೇಳಿದ ಮನೆಗೆ ಮಗು ಬರಬೇಕಲ್ಲ ತಾಯೀ" ಎಂದ.

ಅವಳು ಮಗುವಿನ ನಾಲಿಗೆಗೆ ಜೇನು ಮುಟ್ಟಿಸಿದಳು. ಗೆಳೆಯ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಹೊಗೆ ತಾಗಿತು ಎಂದ. ಬಯಲಿನಲ್ಲಿ ಹಾರಿಸಿದ ಈಡಿಗೆ ಎಷ್ಟು ಹೊಗೆ ಇರುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆ ರೈಫಲ್ ಇಂದಿಗೂ ಆ ಮನೆಯ ಗೂಟದಲ್ಲಿದೆ. ಅದರ ತೋಟಾ ಮತ್ತೆ ಎಲ್ಲೂ ಸಿಗಲಿಲ್ಲ. ರೈತ ಮಾತ್ರ ವಾರಕ್ಕೊಮ್ಮೆ, ತನ್ನ ಮನೆಯಲ್ಲೇ ಬೆಳೆಯುತ್ತಿರುವ ಮೊಮ್ಮಗಳನ್ನು ಹೆಗಲಿಗೇರಿಸಿಕೊಂಡು ಬೇಲಿ ದಾಟಿ, "ಒಂದು ತೋಟಾ ಇದ್ರೆ ಕೊಡು ಮಾರಾಯ" ಅನ್ನುತ್ತಾನೆ. ಗೆಳೆಯ ಒಳಗೆ ಹೋಗಿ ಹುಡುಕುವ ಹಾಗೆ ಹುಡುಕಿ, ಒಂದು ದಪ್ಪ ತೋಟಾ ತಂದು ಕೊಡುತ್ತಾನೆ. ಅದು ಆ ರೈಫಲ್ಲಿಗೆ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಮೊಮ್ಮಗಳು ಗೆಳೆಯನ ಹೆಂಡತಿಯ ಸೆರಗು ಹಿಡಿದುಕೊಂಡು ಅಡುಗೆಮನೆ ಸೇರುತ್ತಾಳೆ. ಇವರು ಬಿಸಿಲು ಜಗಲಿಗೆ ಬರುವವರೆಗೂ ಕೂತಿರುತ್ತಾರೆ.

ಗುರುಗಳು ಕತೆ ಮುಗಿಸಿದರು. ಸೊಪ್ಪೂ ಮುಗಿದಿತ್ತು. ಜಗಲಿಯಲ್ಲಿ ಅಣ್ಣ ಒಮ್ಮೆ ಕೆಮ್ಮಿದ, ಖಾಲಿ ಲೋಟವನ್ನು ನೆಲಕ್ಕಿಟ್ಟ ಸದ್ದು ಬಂತು.

ಬೆಳ್ಯಪ್ಪನ ಮುಖ ಅರಳಿತ್ತು. ಉತ್ತರ ಸಿಕ್ಕಿತು ಎಂದು ಕೈಯ ಮಣ್ಣು ಕೊಡವಿಕೊಂಡು ಎದ್ದ. "ತಿಳಿಯಿತು ಗುರುಗಳೇ. ಊರಿನವರ ಹತ್ತಿರ ಯಾವ ತೋಟಾ ಇದೆಯೋ ಅದು ಹಿಡಿಸುವ ರೈಫಲ್ಲನ್ನೇ ಕೊಳ್ಳು ಎಂದು ಹೇಳಿ, ಅಣ್ಣನನ್ನು ಈಗಲೇ ಕಳಿಸಿಬಿಡುತ್ತೇನೆ."

ಗುರುಗಳು ಅವನನ್ನು ಬಹಳ ಅಕ್ಕರೆಯಿಂದ ನೋಡಿದರು.

"ಈಡಿನ ಸದ್ದಿಗೆ ಕಿವಿ ಮುಚ್ಚಿಸಿಕೊಳ್ಳುತ್ತಿದ್ದವನ ಹತ್ತಿರ, ಯಾವ ಕೋವಿ ಕೊಳ್ಳಲಿ ಎಂದು ಕೇಳುವುದಕ್ಕೆ ಯಾರಾದರೂ ಇಷ್ಟು ದೊಡ್ಡ ಬೆಟ್ಟ ಹತ್ತಿ ಬರುತ್ತಾರೆಯೇ, ಬೆಳ್ಯಪ್ಪಾ?"

ಬೆಳ್ಯಪ್ಪ ನಿಂತಲ್ಲೇ ನಿಂತ. ಆಮೇಲೆ ಇನ್ನೊಂದು ಲೋಟ ಮಜ್ಜಿಗೆ ತುಂಬಿಕೊಂಡು ಜಗಲಿಗೆ ಹೋಗಿ, ಅಣ್ಣನ ಪಕ್ಕದಲ್ಲಿ ಕೂತ.