ಕೆಳಗಿನ ಎರಡು ತೋಳು

"ಈ ಕಾರು ರಿಪೇರಿ ನಿನ್ನ ಕೈಲಿ ಆಗಂಗಿಲ್ಲ" ಎಂದು ಮೊದಲು ಹೇಳಿದವನು ನನ್ನ ಅಣ್ಣ ತಿಪ್ಪೇಸ್ವಾಮಿ. ಆಮೇಲೆ ಅತ್ತಿಗೆ ಹೇಳಿದಳು. ಕೊನೆಗೆ, ಕಾರನ್ನು ತೂಕಕ್ಕೆ ಕೇಳಲು ಬಂದ ಗುಜರಿಯವನೂ ಹೇಳಿದ.

ಅದು ಅಪ್ಪನ ಕಾರು. ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರು. ಗಣಿ ಸಾಹುಕಾರರು ಊರು ಬಿಡುವಾಗ ತಮ್ಮ ಡ್ರೈವರಾಗಿದ್ದ ಅಪ್ಪನಿಗೆ ಕೊಟ್ಟುಹೋದದ್ದು. ಎಂಜಿನ್ ಇನ್ನೂ ಗುಡುಗುತ್ತಿತ್ತು. ಹಿಂಭಾಗ ಮಾತ್ರ ಕುಸಿದಿತ್ತು. ವೇಗ ಕೊಟ್ಟರೆ ಬಾಲ ಬೀಸುತ್ತಿತ್ತು.

"ಆಯುಧಪೂಜೆ ದಿನ ನೆಟ್ಟಗೆ ಸೇತುವೆ ದಾಟಿಸು, ಕಾರು ನಿನ್ನದು," ಎಂದ ಅಣ್ಣ. "ಆದರೆ ಮನೆಯಲ್ಲಿ ಪಾಲು ಕೇಳಬಾರದು. ದಾಟಿಸಲಿಲ್ಲ ಅಂದ್ರೆ ಮರುದಿನ ಗುಜರಿಗೆ."

ಅಪ್ಪ ಸತ್ತು ವರ್ಷವಾಗಿರಲಿಲ್ಲ. "ಆಗಲಿ" ಅಂದೆ.

ತುಂಗಭದ್ರೆಯ ದಂಡೆಯಲ್ಲಿ ಹೊನ್ನೂರ್ ಸಾಬರ ಗ್ಯಾರೇಜಿತ್ತು. ಊರಿಗೆಲ್ಲ ಅವರು ಉಸ್ತಾದ್. ಹೆಂಗಸರಿಗೆ ಕೆಲಸ ಕಲಿಸಿದವರಲ್ಲ. ನಾನು ಬಾಗಿಲಲ್ಲಿ ಕೂತೆ. ನನ್ನನ್ನು ದಾಟಿ ದಾಟಿ ಬೇಸತ್ತು, ಕೊನೆಗೆ ಬೋಲ್ಟು ಬಿಚ್ಚುವ ಪಾನಾ ನನ್ನ ಕೈಗೆ ಕೊಟ್ಟರು.

ನಾನು ಶಾಲೆ ಕಂಡದ್ದು ಕಡಿಮೆ. ಕಾರಿನ ಇಂಗ್ಲಿಷ್ ಪುಸ್ತಕವನ್ನು, ನಿಘಂಟು ಮಗ್ಗುಲಲ್ಲಿಟ್ಟುಕೊಂಡು, ನಾನೇ ಓದಿ ಮುಗಿಸಿದ್ದೆ. ಹಿಂದಿನ ಗಾಲಿಗಳ ಅಚ್ಚನ್ನು ನಾಲ್ಕು ಕಬ್ಬಿಣದ ತೋಳುಗಳು ಹಿಡಿದಿರುತ್ತವೆ. ಕೆಳಗಿನ ಎರಡು, ಅಚ್ಚು ಎಲ್ಲಿ ನಿಲ್ಲಬೇಕು ಎಂಬುದಕ್ಕೆ. ಮೇಲಿನ ಎರಡು, ಅದು ಎಷ್ಟು ಬಾಗಬೇಕು ಎಂಬುದಕ್ಕೆ. ಹಳೆಯವನ್ನು ತುಕ್ಕು ತಿಂದಿತ್ತು. ತಿರುಗಿಸಿ ಉದ್ದ ಗಿಡ್ಡ ಮಾಡಬಹುದಾದ ಹೊಸ ತೋಳುಗಳನ್ನು ಬಳೆ ಮಾರಿ ತರಿಸಿದೆ.

"ನಾಲ್ಕೂ ತಿರುಗುವವೇ?" ಎಂದರು ಉಸ್ತಾದ್.

"ಎಲ್ಲಿ ಬೇಕೋ ಅಲ್ಲಿ ತಿದ್ದಬಹುದು."

"ತಿದ್ದು." ಬೀಡಿ ಹಚ್ಚಿಕೊಂಡರು.

ತಿದ್ದಿದೆ. ಎಡಕ್ಕೆ ಸರಿಮಾಡಿದರೆ ಬಲಕ್ಕೆ ತಪ್ಪಿತು. ಮೇಲೆ ಸರಿಮಾಡಿದರೆ ಕೆಳಗೆ ಕೆಟ್ಟಿತು. ಕಾರು ಅಡ್ಡಡ್ಡ ನಡೆಯತೊಡಗಿತು.

ನೋಡಲು ಬಂದ ಅಣ್ಣ ನಕ್ಕ. "ಏಡಿ ಸಾಕಿದೀಯಲ್ಲೇ ತಂಗಿ, ಹುಲಿಗಿ. ಮೀನಿನ ಸಂತೆಗೆ ಒಯ್ಯಿ."

ಅವನು ಹೋದ ಮೇಲೆ ಹೇಳಿದೆ: "ಉಸ್ತಾದ್, ಈ ತೋಳುಗಳೇ ಸರಿಯಿಲ್ಲ."

ಅವರು ಅಳತೆಯ ಟೇಪು ತಂದರು. "ಇಲ್ಲಿಂದ ನೀರಿಗೆ ಎಷ್ಟು ದೂರ, ಅಳೆ."

ಒಂದು ತುದಿ ಅವರು ಹಿಡಿದರು. ಇನ್ನೊಂದನ್ನು ಹಿಡಿದು ನಾನು ನದಿಗೆ ಇಳಿದೆ. ತಿರುಗಿ ನೋಡಿದರೆ ಅವರೂ ತಮ್ಮ ತುದಿ ಹಿಡಿದು ಚಹಾದಂಗಡಿ ಕಡೆ ನಡೆಯುತ್ತಿದ್ದರು.

"ನಿಂತ್ಕೊಳ್ಳಿ ಉಸ್ತಾದ್. ಅಳೀತಿದೀನಿ."

"ನೀನು ನಡೀಬಹುದು, ನಾನು ನಡೀಬಾರದಾ?"

"ಒಬ್ಬರಾದರೂ ನಿಲ್ಲಬೇಕಲ್ಲ."

ಅವರು ಟೇಪನ್ನು ನೆಲಕ್ಕೆ ಬಿಟ್ಟು ಚಹಾ ಕುಡಿಯಲು ಹೋದರು.

ಅಂದೇ ಕೆಳಗಿನ ಎರಡನ್ನೂ ಬಿಚ್ಚಿದೆ. ಪುಸ್ತಕದಲ್ಲಿದ್ದ ಮೂಲ ಅಳತೆಗೆ, ದಪ್ಪ ಕಬ್ಬಿಣದಲ್ಲಿ, ತಿರುಗದ ತೋಳುಗಳನ್ನು ನಾನೇ ವೆಲ್ಡ್ ಮಾಡಿದೆ. ಮೇಲಿನವನ್ನು ಮಾತ್ರ ತಿರುಗಲು ಬಿಟ್ಟೆ.

ಕಾರು ಜಾಕಿನ ಮೇಲಿದ್ದಾಗಲೇ ಬೋಲ್ಟು ಬಿಗಿಯತೊಡಗಿದೆ. ಉಸ್ತಾದ್ ಬಂದು ಜಾಕು ಇಳಿಸಿದರು. ಹೋಗಿ ಡಿಕ್ಕಿಯಲ್ಲಿ ಕೂತರು.

"ನೇತಾಡುವಾಗ ಎಲ್ಲಾ ಸರಿಯಾಗೇ ಕಾಣ್ತದೆ," ಎಂದರು. "ಭಾರ ಬಂದ ಮೇಲೆ ಬಿಗಿ ಮಾಡು."

ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಒಡೆದು ಸೇತುವೆಗೆ ಏರಿದೆ. ಆಚೆ ತುದಿಯಲ್ಲಿ ಅಣ್ಣ, ಅವನ ಪಕ್ಕ ಗುಜರಿಯವನು. ಪೂರ್ತಿ ವೇಗ ಕೊಟ್ಟೆ. ಬಾಲ ಬೀಸಲಿಲ್ಲ.

ಗುಜರಿಯವನು ಬೈಕು ಹತ್ತಿ ಹೋದ. ಅಣ್ಣ ಕಿಟಕಿಗೆ ಬಗ್ಗಿದ.

"ಗೆದ್ದಿ. ಈಗ ಹಠ ಬಿಡು. ಕಾರು ಮಾರೋಣ, ಮನೆಯಲ್ಲಿ ನಿನಗೊಂದು ಕೋಣೆ ಇರ್ತದೆ. ಹೆಣ್ಣು ಅಂದಮೇಲೆ ಸ್ವಲ್ಪ ಬಗ್ಗಬೇಕು."

ಗೊಂಚಲಿನಿಂದ ಮನೆಯ ಬೀಗದ ಕೈ ಬಿಚ್ಚಿ ಅವನ ಅಂಗೈಗೆ ಹಾಕಿದೆ.

ಗ್ಯಾರೇಜಿಗೆ ಹಿಂತಿರುಗಿ ಎಂಜಿನ್ ನಿಲ್ಲಿಸಿದೆ.

"ಕಾರು ನನ್ನದಾಯ್ತು ಉಸ್ತಾದ್. ಅಪ್ಪ ಕಟ್ಟಿಸಿದ ಮನೆ ಹೋಯ್ತು."

ಉಸ್ತಾದ್ ನೆಲಕ್ಕೆ ಕೈಯೂರಿ ಕಾರಿನಡಿ ಬಗ್ಗಿ ನೋಡಿದರು.

"ಮೇಲಿನದನ್ನ ಇನ್ನೊಂದು ಸುತ್ತು ತಿರುಗಿಸು. ಕೆಳಗಿನದನ್ನ ಮುಟ್ಟಬೇಡ."