ಎಮ್ಮೆ ಕೂತ ಗುಂಡುಕಲ್ಲು, ಅಜ್ಜಿಯ ಚಾಕಲೇಟು

ನಮ್ಮೂರು ಬಂಡೆಹಟ್ಟಿಯಲ್ಲಿ ಒಂದು ಎಮ್ಮೆ ಇತ್ತು. ಹೊತ್ತಿಗೊಂದು ಬಾವಿ ಹಾಲು ಕೊಡುತ್ತಿತ್ತು. ಕರೆಯುತ್ತಿದ್ದವನು ನಾನೊಬ್ಬನೇ, ಅದೂ ಎಡಗೈಯಲ್ಲಿ. ಬಲಗೈ ನೊಣ ಓಡಿಸುವುದಕ್ಕೆ ಬೇಕಿತ್ತು. ನೋಡಿದವರೆಲ್ಲ ಹೋದರು. ಎಮ್ಮೆಯೂ ಹೋಯಿತು. ಬಾವಿಯನ್ನೂ ಮುಚ್ಚಿದರು. ಉಳಿದವನು ನಾನೊಬ್ಬ. ಅದಕ್ಕೇ ನಾನು ಹೇಳುತ್ತೇನೆ, ನೀವು ಕೇಳಿ.

ಆ ಎಮ್ಮೆಯ ಹೆಸರು ದ್ಯಾವಿ. ದ್ಯಾವಿ ನಿಂತರೆ ಬೀದಿಗೆ ನೆರಳು. ದ್ಯಾವಿ ಕೂತರೆ ಬೀದಿಗೆ ಬಾಗಿಲು.

ಆ ಬೀದಿಯ ಕೊನೆ ಮನೆ ಓಬಿಯದು. ಓಬಿಗೆ ಏಳು ವರ್ಷ. ಓಬಿಯ ಅಜ್ಜಿ ಕೆಂಚಜ್ಜಿ. ಕೆಂಚಜ್ಜಿಗೆ ಎಪ್ಪತ್ತು ವರ್ಷ, ಒಂದೇ ಹಲ್ಲು.

ಕೆಂಚಜ್ಜಿ ಚಾಕಲೇಟು ತಿಂದದ್ದು ಒಂದೇ ಸಲ. ಅಂಗಡಿ ಚಾಕಲೇಟು. ಕಲ್ಲಿನ ಹಾಗೆ ಗಟ್ಟಿ, ಬರೀ ಸಕ್ಕರೆ. ಇದ್ದ ಒಂದು ಹಲ್ಲಿಗೂ ಅಂಟಿಕೊಂಡಿತು. ಹಲ್ಲು ಝುಂ ಅಂದಿತು. ಅಜ್ಜಿ ಎರಡು ದಿನ ಕೆನ್ನೆ ಹಿಡಿದು ಕೂತಳು.

"ರುಚಿ ಹೆಂಗಿತ್ತಜ್ಜಿ?" ಅಂದಳು ಓಬಿ.

"ಹಲ್ಲುನೋವಿನ ರುಚಿ ಗೊತ್ತಾಯ್ತು ಕೂಸೆ. ಚಾಕಲೇಟಿನ ರುಚಿ ಗೊತ್ತಾಗಲಿಲ್ಲ."

ಆವತ್ತು ಸಂಜೆ ಬಸ್ಸಿಗೆ ಅಜ್ಜಿ ದೊಡ್ಡ ಮಗಳ ಊರಿಗೆ ಹೊರಟಿದ್ದಳು. ಮತ್ತೆ ಬರುವುದು ಆರು ತಿಂಗಳಿಗೆ. ಓಬಿ ಗಟ್ಟಿ ಮನಸ್ಸು ಮಾಡಿದಳು. ಅಜ್ಜಿ ಬಸ್ಸು ಹತ್ತುವ ಮೊದಲು ಚಾಕಲೇಟು ತಿನ್ನಬೇಕು. ಮೆತ್ತಗಿರುವ ಚಾಕಲೇಟು. ತಾನೇ ಮಾಡಿದ ಚಾಕಲೇಟು.

ಒಲೆ ಬೇಡ. ಸಕ್ಕರೆ ಬೇಡ.

ಖರ್ಜೂರ ಬೇಕು. ಇತ್ತು.

ಕಳಿತ ಬಾಳೆಹಣ್ಣು ಬೇಕು. ಇತ್ತು.

ಕೋಕೋ ಪುಡಿ ಬೇಕು. ಇತ್ತು.

ಹುರಿದ ಕಡಲೆಬೀಜ ಬೇಕು. ಅವ್ವ ಹುರಿದಿಟ್ಟು ಹೊಲಕ್ಕೆ ಹೋಗಿದ್ದಳು. ಅದೂ ಇತ್ತು.

ಕಡಲೆಬೀಜ ಕುಟ್ಟುವುದಕ್ಕೆ ಗುಂಡುಕಲ್ಲು ಬೇಕು. ಗುಂಡುಕಲ್ಲು ಇರಲಿಲ್ಲ.

ಈಗ ತಾನೇ ಇತ್ತು. ಓಬಿ ತೊಳೆದು ಜಗಲಿ ಮೇಲೆ ಒಣಗಲು ಇಟ್ಟಿದ್ದಳು. ಗುಂಡುಕಲ್ಲು ಗುಂಡಗಿತ್ತು. ಉರುಳಿತು, ಉರುಳಿತು, ಬೀದಿಗೆ ಉರುಳಿತು. ಅಲ್ಲಿಗೆ ದ್ಯಾವಿ ಬಂತು. ಬಿಸಿಲು ನೋಡಿತು. ಆಕಳಿಸಿತು. ದೊಪ್ಪನೆ ಕೂತಿತು. ಗುಂಡುಕಲ್ಲಿನ ಮೇಲೇ ಕೂತಿತು.

ಪಕ್ಕದ ಮನೆಯಲ್ಲಿ ಮಿಕ್ಸಿ ಇತ್ತು. ಕರೆಂಟು ಇರಲಿಲ್ಲ.

ಓಬಿ ದ್ಯಾವಿಯ ಮುಂದೆ ನಿಂತಳು.

"ದ್ಯಾವಿ, ದ್ಯಾವಿ, ಮೇಲೇಳು. ನೀನು ಏಳದೆ ಗುಂಡುಕಲ್ಲು ಸಿಗಲ್ಲ. ಗುಂಡುಕಲ್ಲಿಲ್ಲದೆ ಬೀಜ ನುಣ್ಣಗಾಗಲ್ಲ. ಬೀಜ ನುಣ್ಣಗಾಗದೆ ಅಜ್ಜಿಗೆ ಚಾಕಲೇಟಿಲ್ಲ."

ದ್ಯಾವಿ ಒಂದು ಕಣ್ಣು ತೆರೆಯಿತು.

"ಹಸಿರು ಹುಲ್ಲು ತಾ, ನೋಡೋಣ. ಇಲ್ಲಾಂದ್ರೆ ನಾಳೆ ಬಾ."

"ನಾಳೆ ಅಜ್ಜಿ ಇರಲ್ಲ," ಅಂದಳು ಓಬಿ.

ದ್ಯಾವಿ ಆ ಕಣ್ಣನ್ನೂ ಮುಚ್ಚಿತು.

ಓಬಿ ಹುಲ್ಲು ಕೊಯ್ಯುವ ಈರಕ್ಕನ ಹತ್ತಿರ ಹೋದಳು. ಈರಕ್ಕ ಬೇವಿನ ಮರದ ಕೆಳಗೆ ಸೆರಗು ಹಾಸಿ ಮಲಗಿದ್ದಳು.

"ಈರಕ್ಕ, ಈರಕ್ಕ, ಹುಲ್ಲು ಕೊಯ್ದು ಕೊಡು. ಹುಲ್ಲಿಲ್ಲದೆ ದ್ಯಾವಿ ಏಳಲ್ಲ. ದ್ಯಾವಿ ಏಳದೆ ಗುಂಡುಕಲ್ಲು ಸಿಗಲ್ಲ. ಗುಂಡುಕಲ್ಲಿಲ್ಲದೆ ಬೀಜ ನುಣ್ಣಗಾಗಲ್ಲ. ಬೀಜ ನುಣ್ಣಗಾಗದೆ ಅಜ್ಜಿಗೆ ಚಾಕಲೇಟಿಲ್ಲ."

"ನನ್ನ ಕುಡುಗೋಲು ಮೊಂಡು ಕಣವ್ವ. ಹುಲ್ಲು ಕೊಯ್ಯಲ್ಲ, ಹುಲ್ಲಿನ ತಲೆ ಸವರುತ್ತೆ. ತಗೊಂಡೋಗು, ಕಮ್ಮಾರನ ಹತ್ರ ಹರಿತ ಮಾಡಿಸು. ಇಲ್ಲಾಂದ್ರೆ ನಾಳೆ ಬಾ."

"ನಾಳೆ ಅಜ್ಜಿ ಇರಲ್ಲ."

ಈರಕ್ಕ ಆ ಕಡೆ ಮಗ್ಗುಲಾದಳು.

ಓಬಿ ಕುಡುಗೋಲು ಹಿಡಿದು ಕಮ್ಮಾರ ಲಿಂಗಾಚಾರಿಯ ಹತ್ತಿರ ಹೋದಳು. ಲಿಂಗಾಚಾರಿ ಕುಲುಮೆಗೆ ಗಾಳಿ ಊದುವ ತಿದಿಯನ್ನೇ ತಲೆದಿಂಬು ಮಾಡಿಕೊಂಡಿದ್ದ. ಅವನು ಉಸಿರು ಬಿಟ್ಟರೆ ತಿದಿಯೂ ಉಸಿರು ಬಿಡುತ್ತಿತ್ತು.

"ಆಚಾರಪ್ಪ, ಆಚಾರಪ್ಪ, ಕುಡುಗೋಲು ಹರಿತ ಮಾಡು. ಕುಡುಗೋಲಿಲ್ಲದೆ ಹುಲ್ಲಿಲ್ಲ. ಹುಲ್ಲಿಲ್ಲದೆ ದ್ಯಾವಿ ಏಳಲ್ಲ. ದ್ಯಾವಿ ಏಳದೆ ಗುಂಡುಕಲ್ಲು ಸಿಗಲ್ಲ. ಗುಂಡುಕಲ್ಲಿಲ್ಲದೆ ಬೀಜ ನುಣ್ಣಗಾಗಲ್ಲ. ಬೀಜ ನುಣ್ಣಗಾಗದೆ ಅಜ್ಜಿಗೆ ಚಾಕಲೇಟಿಲ್ಲ."

"ಕುಲುಮೆ ತಣ್ಣಗೈತೆ, ಒಳಗೆ ಬೆಕ್ಕು ಮಲಗೈತೆ. ಕುಡುಗೋಲು ಇಲ್ಲೇ ಬಿಟ್ಟೋಗು. ದಾಸಣ್ಣನ ಹತ್ರ ಇದ್ದಿಲು ತಾ. ಇಲ್ಲಾಂದ್ರೆ ನಾಳೆ ಬಾ."

"ನಾಳೆ ಅಜ್ಜಿ ಇರಲ್ಲ."

ಲಿಂಗಾಚಾರಿ ಉಸಿರು ಬಿಟ್ಟ. ತಿದಿಯೂ ಬಿಟ್ಟಿತು.

ಓಬಿ ಇದ್ದಿಲು ಸುಡುವ ದಾಸಣ್ಣನ ಹತ್ತಿರ ಹೋದಳು. ದಾಸಣ್ಣ ಇದ್ದಿಲ ಗುಡ್ಡೆಯ ಪಕ್ಕ ಕೂತಿದ್ದ. ಯಾವುದು ಗುಡ್ಡೆ, ಯಾವುದು ದಾಸಣ್ಣ, ಗೊತ್ತಾಗುತ್ತಿರಲಿಲ್ಲ. ನಕ್ಕಾಗ ಗೊತ್ತಾಯಿತು.

"ದಾಸಣ್ಣ, ದಾಸಣ್ಣ, ಇದ್ದಿಲು ಕೊಡು. ಇದ್ದಿಲಿಲ್ಲದೆ ಕುಡುಗೋಲಿಲ್ಲ. ಕುಡುಗೋಲಿಲ್ಲದೆ ಹುಲ್ಲಿಲ್ಲ. ಹುಲ್ಲಿಲ್ಲದೆ ದ್ಯಾವಿ ಏಳಲ್ಲ. ದ್ಯಾವಿ ಏಳದೆ ಗುಂಡುಕಲ್ಲು ಸಿಗಲ್ಲ. ಗುಂಡುಕಲ್ಲಿಲ್ಲದೆ ಬೀಜ ನುಣ್ಣಗಾಗಲ್ಲ. ಬೀಜ ನುಣ್ಣಗಾಗದೆ ಅಜ್ಜಿಗೆ ಚಾಕಲೇಟಿಲ್ಲ."

"ಇದ್ದಿಲು ಬೆಟ್ಟದಷ್ಟೈತೆ, ತುಂಬಿಕೊಡೋಕೆ ಬುಟ್ಟಿ ಇಲ್ಲ. ಇದ್ದ ಬುಟ್ಟಿ ನಿನ್ನೆ ತಳ ಬಿಡ್ತು. ಮೇದರ ತಿಪ್ಪಣ್ಣನ ಹತ್ರ ಬುಟ್ಟಿ ತಾ. ಇಲ್ಲಾಂದ್ರೆ ನಾಳೆ ಬಾ."

"ನಾಳೆ ಅಜ್ಜಿ ಇರಲ್ಲ."

ದಾಸಣ್ಣ ಬಾಯಿ ಮುಚ್ಚಿದ. ಮತ್ತೆ ಗುಡ್ಡೆಯೊಳಗೆ ಕಾಣದಾದ.

ಓಬಿ ಬುಟ್ಟಿ ಹೆಣೆಯುವ ತಿಪ್ಪಣ್ಣನ ಹತ್ತಿರ ಹೋದಳು. ತಿಪ್ಪಣ್ಣ ಗೋಡೆಗೆ ಒರಗಿ ಕಾಲು ಚಾಚಿದ್ದ.

"ತಿಪ್ಪಣ್ಣ, ತಿಪ್ಪಣ್ಣ, ಬುಟ್ಟಿ ಕೊಡು. ಬುಟ್ಟಿಯಿಲ್ಲದೆ ಇದ್ದಿಲಿಲ್ಲ. ಇದ್ದಿಲಿಲ್ಲದೆ ಕುಡುಗೋಲಿಲ್ಲ. ಕುಡುಗೋಲಿಲ್ಲದೆ ಹುಲ್ಲಿಲ್ಲ. ಹುಲ್ಲಿಲ್ಲದೆ ದ್ಯಾವಿ ಏಳಲ್ಲ. ದ್ಯಾವಿ ಏಳದೆ ಗುಂಡುಕಲ್ಲು ಸಿಗಲ್ಲ. ಗುಂಡುಕಲ್ಲಿಲ್ಲದೆ ಬೀಜ ನುಣ್ಣಗಾಗಲ್ಲ. ಬೀಜ ನುಣ್ಣಗಾಗದೆ ಅಜ್ಜಿಗೆ ಚಾಕಲೇಟಿಲ್ಲ."

"ಉಸಿರು ತಗೊಳ್ಳೆ ಮೊದಲು," ಅಂದ ತಿಪ್ಪಣ್ಣ. "ಬೆಳಗಿಂದ ಬಿದಿರು ಸೀಳಿ ಸೀಳಿ ನನ್ನ ಬಾಯಿ ಕಹಿಯಾಗೈತೆ. ಬಾಯಿಗೆ ಸಿಹಿ ಬಿದ್ರೆ ಕೈ ಓಡುತ್ತೆ. ಇಲ್ಲಾಂದ್ರೆ ನಾಳೆ ಬಾ."

ಸಿಹಿ ಎಲ್ಲಿಂದ ತರುವುದು? ಸಿಹಿ ಮಾಡುವುದಕ್ಕೇ ತಾನೆ ಗುಂಡುಕಲ್ಲು ಬೇಕಾದದ್ದು? ಓಬಿ ಈ ಸಲ ನಾಳೆ ಅಜ್ಜಿ ಇರಲ್ಲ ಅಂತ ಹೇಳಲಿಲ್ಲ. ಹೇಳಿದರೆ ಅಳು ಬರುತ್ತಿತ್ತು. ಮನೆಗೆ ನಡೆದಳು.

ಮನೆಯಲ್ಲಿ ಅಜ್ಜಿ ಚೀಲಕ್ಕೆ ಸೀರೆ ತುಂಬಿ ಮುಗಿಸಿದ್ದಳು. ಕೈಯಲ್ಲಿ ಪಕ್ಕದ ಮನೆಯವರ ತಟ್ಟೆ. ಹಬ್ಬಕ್ಕೆ ಒಬ್ಬಟ್ಟು ಇಟ್ಟು ಕಳಿಸಿದ್ದ ತಟ್ಟೆ. ಅಜ್ಜಿ ಅದರಲ್ಲಿ ಒಂದು ಹಿಡಿ ರಾಗಿ ಹಾಕುತ್ತಿದ್ದಳು.

"ಅದ್ಯಾಕಜ್ಜಿ ರಾಗಿ?"

"ತುಂಬಿ ಬಂದ ತಟ್ಟೆ ಬರಿದಾಗಿ ಹೋಗಬಾರದು ಕೂಸೆ. ಮನೇಲಿ ಏನೈತೋ ಅದನ್ನ ಇಡಬೇಕು. ಬರೀ ತಟ್ಟೆ ವಾಪಸ್ ಕೊಟ್ಟೋರ ಮನೆ ಕಡೆ ಕಾಗೆನೂ ತಿರುಗಿ ನೋಡಲ್ಲ."

ಓಬಿ ತಟ್ಟೆ ನೋಡಿದಳು. ರಾಗಿ ನೋಡಿದಳು. ಅಳು ಎಲ್ಲಿಗೋ ಹೋಯಿತು.

ಒಳಗೆ ಓಡಿದಳು. ಮನೆಯ ಹಿತ್ತಾಳೆ ತಟ್ಟೆ ತೆಗೆದಳು. ನಾಲ್ಕು ಖರ್ಜೂರ ತಗೊಂಡಳು, ಬೀಜ ತೆಗೆದಳು. ಅರ್ಧ ಬಾಳೆಹಣ್ಣು ಸೇರಿಸಿದಳು. ಒಂದು ಚಿಟಿಕೆ ಕೋಕೋ ಉದುರಿಸಿದಳು. ಕುಟ್ಟಿದ ಕಡಲೆಬೀಜ ಇಲ್ಲ. ಇಲ್ಲದಿದ್ದರೆ ಬೇಡ. ತಿಪ್ಪಣ್ಣನ ಬಾಯಿಗೆ ಇಷ್ಟು ಸಾಕು. ಒಲೆ ಬೇಡ, ಸಕ್ಕರೆ ಬೇಡ, ಕಲ್ಲೂ ಬೇಡ. ಹಿಚುಕಿದಳು, ಹಿಚುಕಿದಳು, ಐದು ಬೆರಳಲ್ಲಿ ಹಿಚುಕಿದಳು. ಒಂದು ಉಂಡೆ ಆಯಿತು. ತಟ್ಟೆಯಲ್ಲಿಟ್ಟು ಓಡಿದಳು.

ತಿಪ್ಪಣ್ಣ ಉಂಡೆ ತಿಂದ. ಬೆರಳು ನೆಕ್ಕಿದ. ತಟ್ಟೆ ನೋಡಿದ. ತಟ್ಟೆ ಬರಿದು. ಬೀದಿ ನೋಡಿದ. ಬೀದಿಯಲ್ಲಿ ಜನ.

"ಬರೀ ತಟ್ಟೆ ಹೆಂಗೆ ಕೊಡ್ಲಿ?" ಅಂದ. ತಟ್ಟೆಯ ಮೇಲೆ ಒಂದು ಹೊಸ ಬುಟ್ಟಿ ಕೂರಿಸಿದ. "ಇನ್ನೊಂದು ಉಂಡೆ ಐತಾ?"

"ಗುಂಡುಕಲ್ಲು ಸಿಕ್ಕಿದ್ರೆ ಐತೆ. ಬಾ."

ಓಬಿ ಮುಂದೆ, ತಿಪ್ಪಣ್ಣ ಹಿಂದೆ.

ದಾಸಣ್ಣ ಬುಟ್ಟಿ ತಗೊಂಡ. ತಟ್ಟೆ ನೋಡಿದ. ತಟ್ಟೆ ಬರಿದು.

"ಬರೀ ತಟ್ಟೆ ಹೆಂಗೆ ಕೊಡ್ಲಿ?" ಅಂದ. ಬುಟ್ಟಿ ತುಂಬ ಇದ್ದಿಲು ಸುರಿದ. ಅದರಿಂದ ತಟ್ಟೆ ತುಂಬ ಸುರಿದ.

ಓಬಿ ಮುಂದೆ, ತಿಪ್ಪಣ್ಣ ಹಿಂದೆ, ಬುಟ್ಟಿ ಹೊತ್ತ ದಾಸಣ್ಣ ಅವನ ಹಿಂದೆ.

ಲಿಂಗಾಚಾರಿ ಇದ್ದಿಲು ತಗೊಂಡ. ತಟ್ಟೆ ನೋಡಿದ. ತಟ್ಟೆ ಬರಿದು.

"ಬರೀ ತಟ್ಟೆ ಹೆಂಗೆ ಕೊಡ್ಲಿ?" ಅಂದ. ಬೆಕ್ಕನ್ನು ಎಬ್ಬಿಸಿದ. ತಿದಿ ಒತ್ತಿದ. ಠಣ್ ಠಣ್ ಬಡಿದ. ಗಾಳಿ ತಾಗಿದರೆ ಗಾಳಿಯೇ ಎರಡು ಸೀಳಾಗಬೇಕು, ಹಾಗೆ ಹರಿತ ಮಾಡಿದ. ಕುಡುಗೋಲು ತಟ್ಟೆಯ ಮೇಲಿಟ್ಟ.

ಓಬಿ ಮುಂದೆ, ತಿಪ್ಪಣ್ಣ ಹಿಂದೆ, ದಾಸಣ್ಣ ಅವನ ಹಿಂದೆ, ಲಿಂಗಾಚಾರಿ ಅವನ ಹಿಂದೆ.

ಈರಕ್ಕ ಕುಡುಗೋಲು ತಗೊಂಡಳು. ತಟ್ಟೆ ನೋಡಿದಳು. ತಟ್ಟೆ ಬರಿದು.

"ಬರೀ ತಟ್ಟೆ ಕೊಟ್ಟು ನನ್ನ ಮಾನ ಕಳ್ಕೊಳ್ಳಾ?" ಅಂದಳು. ಎದ್ದಳು. ಸರ್ ಅಂತ ಕೊಯ್ದಳು. ತಟ್ಟೆಯ ಮೇಲೆ ಹುಲ್ಲಿನ ಗೋಪುರ ಎದ್ದಿತು.

ಓಬಿ ಮುಂದೆ, ತಿಪ್ಪಣ್ಣ ಹಿಂದೆ, ದಾಸಣ್ಣ ಅವನ ಹಿಂದೆ, ಲಿಂಗಾಚಾರಿ ಅವನ ಹಿಂದೆ, ಈರಕ್ಕ ಎಲ್ಲರ ಹಿಂದೆ.

ದ್ಯಾವಿ ಹುಲ್ಲು ತಿಂದಿತು. ಪೂರಾ ತಿಂದಿತು. ಕಣ್ಣು ಮುಚ್ಚಲು ಹೋಯಿತು. ತಟ್ಟೆ ಕಂಡಿತು. ತಟ್ಟೆ ಬರಿದು. ಊರೆಲ್ಲ ನೋಡುತ್ತಿತ್ತು.

ದ್ಯಾವಿಯೂ ನಮ್ಮೂರ ಎಮ್ಮೆ. ಅದಕ್ಕೂ ಮಾನ ಮರ್ಯಾದೆ ಉಂಟು.

ಹಿಂಗಾಲು ಊರಿತು. ಮುಂಗಾಲು ಊರಿತು. ಎದ್ದಿತು. ಕೆಳಗೆ ಗುಂಡುಕಲ್ಲು, ಈಗ ಇಟ್ಟ ಮೊಟ್ಟೆಯ ಹಾಗೆ ಬೆಚ್ಚಗೆ. ದ್ಯಾವಿ ಮೂತಿಯಿಂದ ದೂಡಿತು. ಉರುಳಿತು, ಉರುಳಿತು, ತಟ್ಟೆಗೆ ಉರುಳಿತು.

ಉಂಡೆಯಿಂದ ಬುಟ್ಟಿ ಬಂತು. ಬುಟ್ಟಿಯಿಂದ ಇದ್ದಿಲು ಬಂತು. ಇದ್ದಿಲಿನಿಂದ ಕುಡುಗೋಲು ಹರಿತವಾಯಿತು. ಕುಡುಗೋಲಿನಿಂದ ಹುಲ್ಲು ಬಂತು. ಹುಲ್ಲಿನಿಂದ ದ್ಯಾವಿ ಎದ್ದಿತು. ದ್ಯಾವಿ ಎದ್ದು ಗುಂಡುಕಲ್ಲು ಸಿಕ್ಕಿತು.

ಓಬಿ ಗುಂಡುಕಲ್ಲು ತೊಳೆದಳು. ಕಡಲೆಬೀಜ ಕುಟ್ಟಿದಳು, ಕುಟ್ಟಿದಳು, ಎಣ್ಣೆ ಬಿಡುವ ತನಕ ಕುಟ್ಟಿದಳು. ಖರ್ಜೂರ ಹಾಕಿ ಕುಟ್ಟಿದಳು. ಬಾಳೆಹಣ್ಣು ಹಾಕಿ ಕಲಸಿದಳು. ಕೋಕೋ ಹಾಕಿ ಕಲಸಿದಳು. ತಟ್ಟೆ ತೊಳೆದು ಅದರ ಮೇಲೆ ತಟ್ಟಿದಳು. ತಣ್ಣನೆಯ ನೀರಿನ ಮಡಕೆಗೆ ತಾಗಿಸಿ ಇಟ್ಟಳು.

ಅಷ್ಟರಲ್ಲಿ ಬಸ್ಸು ಬಂತು. ಪೋಂ ಪೋಂ ಅಂದಿತು.

ಇನ್ನೂ ಗಟ್ಟಿಯಾಗಿರಲಿಲ್ಲ. ಓಬಿ ದ್ಯಾವಿಯ ಕಡೆ ನೋಡಿದಳು. ದ್ಯಾವಿ ಬಸ್ಸಿನ ಕಡೆ ನೋಡಿತು. ಮೆಲ್ಲಗೆ ಹೋಗಿ ಬಸ್ಸಿನ ಮುಂದೆ ದೊಪ್ಪನೆ ಕೂತಿತು.

"ಯಾರದ್ರೀ ಈ ಎಮ್ಮೆ?" ಅಂದ ಡ್ರೈವರ್ ಬಸಣ್ಣ. "ಎಬ್ಬಿಸ್ರಿ."

ತಿಪ್ಪಣ್ಣ, ದಾಸಣ್ಣ, ಲಿಂಗಾಚಾರಿ, ಈರಕ್ಕ, ನಾಲ್ವರೂ ಒಂದೇ ಉಸಿರಿಗೆ ಅಂದರು:

"ನಾಳೆ ಬಾ."

ಬಸಣ್ಣ ಇಳಿದು ಜಗಲಿ ಮೇಲೆ ಕೂತ. ಮಡಕೆ ತಣ್ಣಗಿತ್ತು. ಚಾಕಲೇಟು ಹದವಾಗಿ ಗಟ್ಟಿಯಾಯಿತು. ಓಬಿ ತಟ್ಟೆ ತಂದು ಎಂಟು ತುಂಡು ಮಾಡಿದಳು. ಮೊದಲ ತುಂಡು ಅಜ್ಜಿಯ ಬಾಯಿಗಿಟ್ಟಳು.

ಎಲ್ಲರೂ ಅಜ್ಜಿಯ ಬಾಯಿ ನೋಡಿದರು. ಬಾಯಿ ಆ ಕಡೆ ಹೋಯಿತು. ಬಾಯಿ ಈ ಕಡೆ ಬಂತು. ಹಲ್ಲು ಸುಮ್ಮನಿತ್ತು. ಕೆನ್ನೆ ಸುಮ್ಮನಿತ್ತು.

"ಏನಜ್ಜಿ?" ಅಂದಳು ಓಬಿ.

"ತಡಿಯೇ," ಅಂದಳು ಅಜ್ಜಿ. "ಎಪ್ಪತ್ತು ವರ್ಷ ಕಾದಿದೀನಿ. ಇಷ್ಟು ಬೇಗ ನುಂಗಲ್ಲ."

ಓಬಿ ನಕ್ಕಳು. ಅಜ್ಜಿ ನಕ್ಕಳು. ಅಜ್ಜಿಯ ಒಂದು ಹಲ್ಲು ಪೂರ್ತಿ ಚಾಕಲೇಟು ಬಣ್ಣ.

ಎರಡನೇ ತುಂಡು ತಿಪ್ಪಣ್ಣನಿಗೆ. ಮೂರನೇದು ದಾಸಣ್ಣನಿಗೆ. ನಾಲ್ಕನೇದು ಲಿಂಗಾಚಾರಿಗೆ. ಐದನೇದು ಈರಕ್ಕನಿಗೆ. ಆರನೇದು ದ್ಯಾವಿಗೆ. ಏಳನೇದು ಡ್ರೈವರ್ ಬಸಣ್ಣನಿಗೆ. ಎಂಟನೇದು ಓಬಿಗೆ. ದ್ಯಾವಿ ತಾನಾಗಿಯೇ ಎದ್ದಿತು. ಅಜ್ಜಿ ಕಿಟಕಿಯಲ್ಲಿ ಕೂತು, ಇನ್ನೂ ಚಪ್ಪರಿಸುತ್ತಾ, ನಮ್ಮೂರ ಬಂಡೆ ಮರೆಯಾಗುವ ತನಕ ಕೈ ಬೀಸಿದಳು.

ಆವತ್ತು ಎಲ್ಲರಿಗಿಂತ ದೊಡ್ಡ ತುಂಡು ತಿಂದವನು ನಾನು. ಅಂಗೈ ಅಗಲ ಇತ್ತು.

ಕತೆ ಕೇಳುತ್ತಾ ಮುಂದೆ ಕೂತಿದ್ದ ನನ್ನ ಮೊಮ್ಮಗಳು ತುಂಗಿ ಬೆರಳು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ತಾತ, ತುಂಡು ಎಂಟು. ತಿಂದೋರೂ ಎಂಟು. ನಿಂದು ಯಾವುದು?"

ಹೆಗಲು ಕುಣಿಸಿದೆ.

"ಇರಬಹುದು ಕಣೆ. ನಾನೇನು ಎಣಿಸೋಕೆ ಕಲಿತವನಾ?"