ಬೂದಿ ಹೇಂಟೆಯ ಕಾಲು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಸಣ್ಣಮಾದಮ್ಮ, ನಾನು ಬಿ.ಎ. ಓದುವಾಗ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವಳು. ಮುದ್ದೆ ತೊಳಸುತ್ತಾ ಹೇಳುತ್ತಿದ್ದಳು. ಕತೆಯಲ್ಲಿ ತಲೆ ಉರುಳುವಾಗ ಕೋಲು ಇನ್ನಷ್ಟು ಜೋರಾಗಿ ತಿರುಗುತ್ತಿತ್ತು.

"ಕೇಳ್ರಪ್ಪ ಕೇಳಿ" ಎಂದು ಡಂಗುರದವನು ಸಾರಿದನಂತೆ. "ಅರಸರ ಮಗಳು ಹೊನ್ನಾಂಬೆಯವರು ಮೂರು ಒಗಟು ಕೇಳ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದು ಸಿಗ್ತದೆ, ಬೇಡಿದರೆ ಅಮ್ಮಣ್ಣಿಯವರನ್ನೇ ಧಾರೆ ಎರೆದು ಕೊಡ್ತಾರೆ. ಒಂದು ತಪ್ಪಿದರೂ ತಲೆ ಕೋಟೆ ಬಾಗಿಲಿಗೆ."

ಬೇಡಿದ್ದು ಸಿಗ್ತದೆ ಅನ್ನುವಷ್ಟು ಮಾತ್ರ ಊರಾಚೆ ಗುಡಿಸಲಿನ ಬೋರನ ಕಿವಿಯಲ್ಲಿ ಉಳಿಯಿತು. ಅವನ ಮಡಿಲಲ್ಲಿ ಬೂದಿ ಎಂಬ ಬೂದಿ ಬಣ್ಣದ ಹೇಂಟೆ ಕೂತಿತ್ತು. ಹಿಂದಿನ ವರ್ಷ ಬೋರ ಜ್ವರದಲ್ಲಿ ಮಲಗಿದ್ದಾಗ ಅವನವ್ವ, "ಮಗ ಎದ್ದರೆ ಬೂದಿಯನ್ನೇ ಕೊಡ್ತೀನಿ ತಾಯಿ" ಎಂದು ಮಾರಮ್ಮನಿಗೆ ಹರಕೆ ಹೊತ್ತಿದ್ದಳು. ಮಗ ಎದ್ದ. ಅಷ್ಟರಲ್ಲಿ ಬೂದಿ ಮುಂಗುಸಿಯ ಬಾಯಿಗೆ ಸಿಕ್ಕಿ, ಹೇಗೋ ಬಿಡಿಸಿಕೊಂಡು, ಕಾಲು ಮುರಿದುಕೊಂಡಳು. ಊನವಾದದ್ದನ್ನು ಅಮ್ಮ ಮುಟ್ಟುವುದಿಲ್ಲ. "ವಾಸಿಯಾಗಲಿ, ಅಮ್ಮ ಕಾಯ್ತಾಳೆ" ಅಂದಳು ಅವ್ವ.

ಬೋರ ಬಿದಿರು ಸೀಳಿ ದಬ್ಬೆ ಕಟ್ಟಿದ. ಅರಿಸಿನ ಹಚ್ಚಿದ. ಕೊಕ್ಕು ಬಿಡಿಸಿ ರಾಗಿ ಗಂಜಿಯನ್ನು ಹನಿಹನಿಯಾಗಿ ಬಿಟ್ಟ. ಬೇರೆ ಕೋಳಿಗಳು ಗಾಯ ಕುಕ್ಕಲು ಬಂದಾಗ ಮಂಕರಿ ಮುಚ್ಚಿ ಪಕ್ಕದಲ್ಲೇ ಕೂತ. ನಲವತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಬೂದಿ ಎರಡೂ ಕಾಲೂರಿ ನಿಂತಳು. ಬೋರ ಕುಣಿದ. ಅವ್ವ ಬಾಗಿಲಿಂದ ನೋಡಿ, "ಹಾಗಾದರೆ ಬರೋ ಮಂಗಳವಾರ" ಅಂದಳು. ಆಗ ಅವನ ಕುಣಿತ ನಿಂತಿತು.

"ಬೇರೆ ಕೋಳಿ ಕೊಟ್ಟರಾಗದಾ ಅವ್ವ?"

"ಹೆಸರು ಹಿಡಿದು ಹೊತ್ತದ್ದು ಮಗ. ಬದಲಿಸಿದರೆ ಅಮ್ಮ ನಿನ್ನನ್ನೇ ಕೇಳ್ತಾಳೆ."

ಒಗಟು ಬಿಡಿಸಿ ಅರಸರ ಅಪ್ಪಣೆ ತಂದರೆ ಬೂದಿ ಉಳಿಯಬಹುದು ಎಂದುಕೊಂಡು ಬೋರ ಸೋಮವಾರ ಬೆಳಗ್ಗೆ ಅರಮನೆಗೆ ಹೋದ.

ಅಲ್ಲಿ ಅವನ ಮುಂದೆ ಇನ್ನೂ ಇಬ್ಬರಿದ್ದರು. "ನೆತ್ತರು ಕಂಡರೆ ಒಡಹುಟ್ಟಿದವರೇ ಮೇಲೆ ಬೀಳುವ ಮನೆ ಯಾವುದು?" ಎಂದು ಹೊನ್ನಾಂಬೆ ಕೇಳಿದಳು.

"ರಣರಂಗ" ಎಂದು ಪಕ್ಕದ ನಾಡಿನ ಯುವರಾಜ ಎದೆ ಸೆಟೆಸಿದ.

"ರಣರಂಗ ಮನೆಯಲ್ಲ" ಅಂದಳು. ಅವನನ್ನು ಕರೆದುಕೊಂಡು ಹೋದರು.

ಮಂತ್ರಿಯ ಮಗ ಜಾಣ. "ಅರಮನೆ" ಅಂದ. ಈ ಉತ್ತರ ನನಗೆ ಇವತ್ತಿಗೂ ಸರಿ ಅನಿಸುತ್ತದೆ. ಆದರೆ ಅರಮನೆಯಲ್ಲೇ ನಿಂತು ಹೇಳಿದ್ದರಿಂದ ಅವನನ್ನು ಇನ್ನೂ ಬೇಗ ಕರೆದುಕೊಂಡು ಹೋದರು.

ಬೋರನ ಸರದಿ ಬಂತು. "ಕೋಳಿಗೂಡು ಅಮ್ಮಣ್ಣಿ" ಅಂದ. "ಒಂದಕ್ಕೆ ಗಾಯ ಆದರೆ ಉಳಿದವು ಅಲ್ಲಿಗೇ ಕುಕ್ಕುತ್ತವೆ."

ಸಭೆ ನಕ್ಕಿತು. ಹೊನ್ನಾಂಬೆ ನಗಲಿಲ್ಲ. ಪೀಠದಿಂದ ಮುಂದೆ ಬಾಗಿ ಎರಡನೆಯದನ್ನು ಕೇಳಿದಳು: "ಬಿದ್ದಿದ್ದರೆ ಬದುಕು, ಎದ್ದರೆ ಸಾವು. ಯಾರಿಗೆ?"

"ಹರಕೆ ಕೋಳಿಗೆ. ಊನ ಇರೋವರೆಗೂ ಉಳೀತದೆ. ನಾಳೆ ಮಂಗಳವಾರ ಅಮ್ಮಣ್ಣಿ, ನನ್ನ ಬೂದಿಯನ್ನ ಬಿಡಿಸಿಕೊಡಿ. ಬಂದದ್ದು ಅದಕ್ಕೇ. ನೀವು ಬೇಡ."

ರಾಜಕುಮಾರಿಯ ಮುಖಕ್ಕೇ ಹಾಗಂದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಅವಳು ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಅಮ್ಮನಿಗೆ ಒಪ್ಪಿಸಿದ್ದನ್ನು ಅರಸರೂ ಬಿಡಿಸಲಾರರಪ್ಪ. ಹತ್ತು ವರ್ಷದವಳಿದ್ದಾಗ ನಮ್ಮಪ್ಪಾಜಿಯ ಕಾಲು ಹಿಡಿದು ಕೇಳಿದ್ದೇನೆ. ನನ್ನ ಕೋಳಿಗೂ ನಾನೇ ದಬ್ಬೆ ಕಟ್ಟಿದ್ದೆ, ನಾನೇ ಎಬ್ಬಿಸಿ ನಿಲ್ಲಿಸಿದ್ದೆ. ಆಮೇಲೆ ಅದನ್ನೂ ಅಮ್ಮನಿಗೆ ಕಡಿದರು. ಮೂರನೆಯದನ್ನು ಯಾರಿಗೂ ಕೇಳಿಲ್ಲ. ಇಲ್ಲಿವರೆಗೆ ಯಾರೂ ಬರಲೇ ಇಲ್ಲ. ಉತ್ತರ ನನಗೂ ಗೊತ್ತಿಲ್ಲ. ಎದ್ದು ನಿಂತ ಹರಕೆ ಕೋಳಿ ಉಳಿಯಬೇಕಾದರೆ, ಅದನ್ನು ಎಬ್ಬಿಸಿದ ಕೈ ಏನು ಮಾಡಬೇಕು?"

ಬೋರ ತನ್ನ ಕೈ ನೋಡಿಕೊಂಡ. ತಲೆ ಕಡಿಯುವವನು ಒಂದು ಹೆಜ್ಜೆ ಹತ್ತಿರ ಬಂದ. ಉತ್ತರ ಬೋರನಿಗೆ ಹೊಳೆದಿತ್ತು, ಬಾಯಿಗೆ ಬರುತ್ತಿರಲಿಲ್ಲ.

"ಮತ್ತೆ ಊನ ಮಾಡಬೇಕು" ಅಂದ ಕೊನೆಗೆ. "ಯಾವತ್ತೂ ವಾಸಿಯಾಗದಂಥ ಊನ. ಅದೇ ಕೈಯೇ ಮಾಡಬೇಕು. ಬೇರೆಯವರ ಹತ್ತಿರ ಅವಳು ಸುಮ್ಮನೆ ಕೂರಲ್ಲ."

ಹೊನ್ನಾಂಬೆ ಸೆರಗಿನಿಂದ ಮುಖವನ್ನೂ ಮುಚ್ಚಿಕೊಳ್ಳದೆ ಅತ್ತಳು. "ನನಗೆ ಆಗಲೇ ಹೊಳೆದಿದ್ದರೂ ಕೈ ಬರ್ತಿರಲಿಲ್ಲವೇನೋ. ನೀನು ಗೆದ್ದೆ, ಹೋಗು. ಹೊತ್ತು ಮುಳುಗೋದರೊಳಗೆ ಮನೆ ಸೇರು."

ಬೋರ ಓಡುತ್ತಲೇ ಬಂದ. ಬಿದಿರು ಸೀಳಿದ್ದ ಕತ್ತಿಯನ್ನೇ ಮಸೆದ. ಬೂದಿಯನ್ನು ಮಡಿಲಿಗೆ ಎತ್ತಿಕೊಂಡ. ಮದ್ದು ಹಚ್ಚುತ್ತಾನೆ ಎಂದುಕೊಂಡು ಅವಳು ನಲವತ್ತು ದಿನದ ಅಭ್ಯಾಸದಂತೆ ಕಾಲನ್ನು ತಾನೇ ನೀಡಿದಳು. ಅವನು ಆ ಕಾಲಿನ ಒಂದು ಬೆರಳಿನ ತುದಿ ಕತ್ತರಿಸಿದ. ಅವಳು ಕೂಗಿದ್ದು ಒಂದೇ ಸಲ. ಆಮೇಲೆ ಕತ್ತೆತ್ತಿ ಅವನನ್ನೇ ನೋಡಿದಳಂತೆ.

ಅವ್ವ ಹೊರಗೆ ಬಂದಳು. ತೊಟ್ಟಿಕ್ಕುವ ಕಾಲು ಕಂಡಳು, ಮಗನ ಮುಖ ಕಂಡಳು. "ಹಾಗಾದರೆ ಅಮ್ಮ ಇನ್ನಷ್ಟು ದಿನ ಕಾಯ್ತಾಳೆ ಬಿಡು" ಎಂದು ಅರಿಸಿನ ತರಲು ಒಳಗೆ ಹೋದಳು.

"ಮದುವೆ ಆಯ್ತಾ ಮತ್ತೆ?" ಎಂದು ನಾನು ಕೇಳಿದೆ. ಆಗ ನನಗೆ ಹತ್ತೊಂಬತ್ತು, ಎಲ್ಲ ಕತೆಯಲ್ಲೂ ಅದೊಂದು ಬೇಕಿತ್ತು.

"ಆಯ್ತು ಕಣವ್ವ, ಕತೆ ಅಲ್ವಾ. ಹೊನ್ನಾಂಬೆ ತಾನಾಗೇ ಗುಡಿಸಲಿಗೆ ಬಂದು ಕೇಳಿದಳು. ಅರ್ಧ ರಾಜ್ಯವೂ ಬಂತು."

ಬೂದಿ ಅರಮನೆಯ ಹಿತ್ತಲಲ್ಲಿ ಇನ್ನೂ ಒಂಬತ್ತು ವರ್ಷ ಬದುಕಿದಳು. ಹೊನ್ನಾಂಬೆಯ ಅಂಗೈಯಿಂದ ಕಾಳು ತಿನ್ನುತ್ತಿದ್ದಳು. ಬೋರನ ನೆರಳು ಬಿದ್ದರೆ ಸಾಕು, ಕುಂಟುತ್ತಾ ಓಡಿ ಮಂಕರಿಯ ಹಿಂದೆ ಅವಿತುಕೊಳ್ಳುತ್ತಿದ್ದಳು. ಅರ್ಧ ರಾಜ್ಯದ ಒಡೆಯ ದಿನಾ ಬೆಳಗ್ಗೆ ಕಂಬದ ಮರೆಯಲ್ಲಿ ನಿಂತು, ಉಸಿರು ಬಿಗಿಹಿಡಿದು, ತನ್ನ ಹೇಂಟೆ ಬೇರೆಯವರ ಕೈಯಲ್ಲಿ ತಿನ್ನುವುದನ್ನು ನೋಡಿ ಹೋಗುತ್ತಿದ್ದ.

"ಕೊನೆಗೆ ಒಂದು ದಿನವಾದರೂ ಅವನ ಹತ್ತಿರ ಬಂದಳು ಅಲ್ವಾ?"

ಸಣ್ಣಮಾದಮ್ಮ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕಿದಳು. "ಇಲ್ಲ" ಅಂದಳು. "ನೀನೂ ಇದನ್ನ ಇನ್ನೊಬ್ಬರಿಗೆ ಹೇಳು. ಹೇಳುವಾಗ ಬಂದಳು ಅಂತ ಮಾತ್ರ ಸೇರಿಸಬೇಡ."

ಎಷ್ಟೋ ಸಲ ಸೇರಿಸಬೇಕು ಅನಿಸಿದೆ, ಸೇರಿಸಿಲ್ಲ. ನಿಮಗೂ ಅನಿಸುತ್ತದೆ. ಆದರೂ ಇದ್ದ ಹಾಗೇ ಹೇಳಿ.